ಸ್ಪಷ್ಟನೆ: ಗುಂಯ್ ಸದ್ದಿಗೆ ಅರ್ಥ್ ಪಿನ್ ಮುರಿಯಬೇಡಿ
ಹಾಸನದಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರ ನಡುವೆ ವಾಟ್ಸಾಪ್ ಸಲಹೆಯೊಂದು ಓಡಾಡುತ್ತಿದೆ: ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಗುಂಯ್ ಅಂದರೂ, ಧ್ವನಿ ತುಂಡಾದರೂ ಲ್ಯಾಪ್‌ಟಾಪ್ ಚಾರ್ಜರಿನ ಅರ್ಥ್ ಪಿನ್ ಮುರಿಯಿರಿ ಅಂತ. ದಯವಿಟ್ಟು ಬೇಡ. ಆ ಪಿನ್ ಇರುವುದು ಶಾಕ್ ತಪ್ಪಿಸಲು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ನೆಲವೇ ಒದ್ದೆ, ಅಪಾಯ ಇನ್ನೂ ಜಾಸ್ತಿ ಅಲ್ವಾ?

ಪಿನ್ ಮುರಿದರೆ ಗುಂಯ್ ಕೆಲವೊಮ್ಮೆ ನಿಲ್ಲುವುದು ನಿಜ. ಅರ್ಥ್ ಎರಡು ದಾರಿಯಲ್ಲಿ ಸಿಕ್ಕಾಗ 50 ಹರ್ಟ್ಜ್ ಕರೆಂಟಿನ ಸದ್ದು ಒಳಗೆ ಬರುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕೇಳಿ ನೋಡಿ. ಸದ್ದು ಹೋದರೆ ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ (ದಾರಿಯಲ್ಲಿ ಸೇರುವ ಹೊರಗಿನ ಸದ್ದು ರದ್ದಾಗುವಂಥ ಕೇಬಲ್) ಬಳಸಿ.

ಧ್ವನಿ ತುಂಡಾಗುವುದು ಬೇರೆಯೇ ವಿಷಯ. ಬಹಳ ಸಲ ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು, ಚಿಕ್ಕದಿರುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಧ್ವನಿಯ 48,000 ಅಳತೆ, ಒಂದೊಂದೂ ಒಂದು ಸ್ಯಾಂಪಲ್) 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್ ಮಾತ್ರ. 512 ಇಟ್ಟರೆ 10.7, ಲ್ಯಾಪ್‌ಟಾಪಿಗೆ ಹೆಚ್ಚು ಸಮಯ ಸಿಗುತ್ತದೆ. ಇಂಟರ್‌ಫೇಸನ್ನು ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿ.