ನೀರಿನ ಮ್ಯಾಲೆ ನಮ್ಮ ಓಣಿ ಹೆಸರು

ಮುಂಬೈ ಬಾಜೂ ಡೊಂಬಿವಲಿಗೆ ಬಂದು 26 ವರ್ಷ ಆತು. ಹೋದ ಶ್ರಾವಣದಾಗ ಒಂದು ರಾತ್ರಿ ನಿದ್ದಿ ಬರ್ಲಿಲ್ಲ, ಮೊಬೈಲ್ ತಗದು ಗೂಗಲ್ ಅರ್ಥ್‌ನ್ಯಾಗ ಬಾಗಲಕೋಟಿ ಹುಡುಕ್ದೆ, ಮೊದಲು ಮುಚಖಂಡಿ ಕೆರಿ ಸಿಕ್ತು, ಅದರ ಆಕಾರ ಕಣ್ಣು ಮುಚ್ಚಿದ್ರೂ ನನಗ ಗೊತ್ತು, ಅಲ್ಲಿಂದ ಬೆರಳಿಲೆ ಸರಸ್ಕೋತ ಸರಸ್ಕೋತ ಊರ ಕಡೆ ಬಂದೆ, ರೈಲ್ವೆ ಹಳಿ ಸಿಕ್ತು, ಪ್ಯಾಟಿ ಸಿಕ್ತು, ಮುಂದ ನಮ್ಮ ಓಣಿ ಇರಬೇಕಾದ ಜಾಗಾದಾಗ ಬರೇ ನೀರು. ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದದ್ದು ನನಗ ಗೊತ್ತಿಲ್ಲದ್ದೇನಲ್ಲ, ರಜಾ ಹಾಕಿ ಹೋಗಿ ಮನಿ ಬಾಗಲಾ ಕಿತ್ತು ಟ್ರ್ಯಾಕ್ಟರಿಗೆ ಹೇರಿದವ್ರೊಳಗ ನಾನೂ ಇದ್ದೆ. ಆದ್ರೂ ಮ್ಯಾಲಿಂದ ನೋಡೂದು ಬ್ಯಾರೆನ ಐತಿ. ಎದಿ ಧಸಕ್ ಅಂತು.

ಆಮ್ಯಾಲೆ ಟೈಮ್‌ಲ್ಯಾಪ್ಸ್ ನೋಡ್ದೆ, 1984ರಿಂದ ವರ್ಷಕ್ಕೊಂದರಂಗ ಚಿತ್ರ ಜೋಡ್ಸಿರ್ತಾರಲ್ಲ ಅದು. ಮೊದಲಿನ ಚಿತ್ರದಾಗ ಘಟಪ್ರಭಾ ಹೊಳಿ ಒಂದು ದಾರದಂಗ ಕಾಣತೈತಿ, 2000 ದಾಟಿದ ಮ್ಯಾಲೆ ಅದು ಹಬ್ಬಕೋತ ಹಬ್ಬಕೋತ ಬರತೈತಿ. ಹಳೆ ಚಿತ್ರದಾಗರೆ ನಮ್ಮ ಮನಿ ಕಾಣ್ತೇನು ಅಂತ ಎಷ್ಟು ದೊಡ್ಡದು ಮಾಡಿದ್ರೂ ಬರೇ ಮಬ್ಬು. ಯಾಕಂದ್ರ ಆವಾಗಿನ ಲ್ಯಾಂಡ್‌ಸ್ಯಾಟ್ ಅನ್ನೂ ಸ್ಯಾಟಲೈಟಿನ ಚಿತ್ರದಾಗ ಒಂದು ಚುಕ್ಕಿ ಅಂದ್ರ ನೆಲದ ಮ್ಯಾಲೆ 30 ಮೀಟರ್. ಆ ಒಂದ ಚುಕ್ಕಿಯೊಳಗ ನಮ್ಮ ಮನಿ, ಬಾಜೂ ಮನಿ, ಹಿತ್ತಲದ ಬೇವಿನ ಗಿಡ, ನಡುವಿನ ಕೂಡುರಸ್ತೆ ಎಲ್ಲಾ ಬಂತು. ಮನಿ ಮನಿ ಬ್ಯಾರೆ ಕಾಣೂವಂಥ ಚಿತ್ರ ಎಲ್ಲಾರ ಕೈಗೆ ಸಿಕ್ಕದ್ದು ಗೂಗಲ್ ಅರ್ಥ್ ಬಂದ 2005ರಿಂದ, ಅಷ್ಟ್ರಾಗ ನಮ್ಮ ಓಣಿ ಹೋಗಿತ್ತು. ಹಿಂಗಾಗಿ ಕ್ಯಾಮೆರಾದ ಕಡೆ ನಮ್ಮ ಓಣಿ ಇಲ್ಲ, ಇದ್ರ ಮಂದಿ ತಲ್ಯಾಗ ಅಷ್ಟ.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಗ್ಯಾಗ ಒಬ್ರು ಮರಾಠಿ ಕಾಕಾ ಅದಾರ, ಮೂಲ ಪುಣೆ ಬಾಜೂ ಮುಳಶಿ ಕಡೆಯವ್ರು. ಮುಂಬೈ ಗಿರಣಿಗಳಿಗೆ ಕರೆಂಟ್ ಬೇಕಂತ ಅಲ್ಲಿ ಡ್ಯಾಮ್ ಕಟ್ಟಾಕ ನಿಂತಾಗ 1921ರಿಂದ 24ರತನಕ ಸೇನಾಪತಿ ಬಾಪಟರ ಜೋಡಿ ರೈತ್ರು ಸತ್ಯಾಗ್ರಹ ಮಾಡಿದ್ರು, ಆದ್ರೂ ಡ್ಯಾಮ್ ಆತು, ಕಾಕಾನ ಅಜ್ಜನ ಊರು ಮುಳುಗ್ತು. ಕಾಕಾ ಆ ಊರು ಕಣ್ಣಿಲೆ ನೋಡೇ ಇಲ್ಲ. ನಾನು ಅವ್ರಿಗೆ ಮೊಬೈಲ್‌ನ್ಯಾಗ ಮುಳಶಿ ಕೆರಿ ತಗದು ಕೊಟ್ಟೆ, ಅವ್ರು ಬೆರಳಿಟ್ಟು ಇದು ಇಂಥಾ ವಾಡಿ, ಇಲ್ಲಿ ಗುಡಿ ಇತ್ತು, ಈ ಬದಿಗೆ ನಮ್ಮ ಭತ್ತದ ಗದ್ದಿ ಅಂತ ಒಂದೊಂದ ಹೆಸರು ಹೇಳಕೋತ ಹೋದ್ರು, ನೂರು ವರ್ಷದ ಹಿಂದಿನ ಹೆಸರು, ಅಜ್ಜ ಮಗನಿಗೆ ಹೇಳಿದ್ದು ಮಗ ಮೊಮ್ಮಗನಿಗೆ ಹೇಳಿದ್ದು. ಆಮ್ಯಾಲೆ ನಿಮ್ಮದು ತೋರ್ಸು ಅಂದ್ರು. ನಾನು ಹುಟ್ಟಿ ಆಡಿದ ಜಾಗಾ, ಆದ್ರ ನಮ್ಮ ಓಣಿ ಬಿಟ್ಟು ಅದರ ಆಚಿಗಿನ ಓಣಿ ಹೆಸರು ನನಗ ನೆನಪಾಗ್ಲಿಲ್ಲ. ಅವತ್ತು ಭಾಳ ಕೆಟ್ಟ ಅನಿಸ್ತು, ಇವತ್ತಿಗೂ ಅನಿಸ್ತೈತಿ.

ನನಗ ಅನಿಸೂದಿಷ್ಟ, ಈ ಕಡೆ ಮಂದಿ ಹೆಸರು ಬಿಡೂದಿಲ್ಲ. ಮುಂಬೈದಾಗ ಟ್ರಾಮ್ ನಿಂತದ್ದು 1964ರ ಮಾರ್ಚ್‌ದಾಗ, ಟ್ರಾಮ್ ಕಡೀಗೆ ನಿಲ್ತಿದ್ದ ಜಾಗಾಕ್ಕ ಇವತ್ತಿಗೂ ಟ್ಯಾಕ್ಸಿಯವ್ರು ದಾದರ್ ಟಿಟಿ ಅಂತನ ಅಂತಾರ, ಆ ಟಿಟಿ ಅಂದ್ರ ಟ್ರಾಮ್ ಟರ್ಮಿನಸ್ ಅಂತ ಗೊತ್ತಿಲ್ಲದ ಹುಡುಗ್ರೂ ಅಂತಾರ. ಗಿರಗಾವ್‌ನ್ಯಾಗ ಚಾಳ ಕೆಡವಿ ಟವರ್ ಎದ್ರೂ ಫಣಸವಾಡಿ ಫಣಸವಾಡಿನ. ಅದ 1964ರ ಮೇ ತಿಂಗಳದಾಗ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಬಂದು ಡ್ಯಾಮಿಗೆ ಅಡಿಗಲ್ಲು ಹಾಕಿದ್ರು, ಮುಂದ ನಮಗ ನವನಗರ ಕಟ್ಟಿ ಕೊಟ್ರು, ರಸ್ತಾ ಅಗಲ ಅದಾವು, ಮನಿ ಚೊಲೊ ಅದಾವು, ಅದನ್ನ ಇಲ್ಲ ಅನ್ನೂದಿಲ್ಲ ನಾನು, ಆದ್ರ ಓಣಿ ಹೋಗಿ ಸೆಕ್ಟರ್ ಬಂತು. ನನ್ನ ತಂಗಿ ಮಗನ್ನ ನಿಮ್ಮ ಮನಿ ಎಲ್ಲೈತಿ ಅಂದ್ರ ನಂಬರ್ ಹೇಳ್ತಾನ.

ಉಳಿದಾವು ಕೆಲವು, ಹೋಳಿ ಹುಣ್ಣಿವಿ ಪುಣ್ಯಾದಿಂದ. ಕಿಲ್ಲಾ, ಹೊಸಪ್ಯಾಟಿ, ಹಳಪ್ಯಾಟಿ, ಜೈನಪ್ಯಾಟಿ, ವೆಂಕಟಪ್ಯಾಟಿ, ಇವು ಮರೀಲಿಲ್ಲ, ಯಾಕಂದ್ರ ಹಲಗಿ ಬಾರಸೂವಾಗ, ಬಣ್ಣದ ಬಂಡಿ ಹೊರಡೂವಾಗ ಈ ಹೆಸರು ಕರೀಲೇಬೇಕು. ಬಣ್ಣದ ಬಂಡಿ ಸರದಿ ಇಲ್ಲದ ಸಣ್ಣ ಸಣ್ಣ ಸಂದಿಗಳ ಹೆಸರು ಮಾತ್ರ ಅಲ್ಲಿ ಇದ್ದ ಮಂದಿ ಜೋಡಿನ ಹೊಂಟಾವು.

ಇದರ ನಡುವ ಮಳಿಗಾಲ ಬಂತಂದ್ರ ಲೋಕಲ್ ಟ್ರೇನಿನ್ಯಾಗ ನನಗ ಒಂದು ಮಾತು ಗ್ಯಾರಂಟಿ, ನಿಮ್ಮ ಆಲಮಟ್ಟಿಯಿಂದ ನಮ್ಮ ಸಾಂಗಲಿ ಕೊಲ್ಹಾಪುರ ಮುಳಗತೈತಿ ಅಂತ, 2019ರ ಮಹಾಪೂರದ ಮ್ಯಾಲಂತೂ ಭಾಳ. ಡ್ಯಾಮಿನ ನೀರಿನ ಮಟ್ಟ ಈಗಿನ 519.6 ಮೀಟರಿನಿಂದ 524.256ಕ್ಕ ಏರಿಸ್ತೀರಿ ಅಂತ ಸಿಟ್ಟಿಗೇಳ್ತಾರ. ನಾನು ಅವ್ರ ಜೋಡಿ ವಾದ ಮಾಡೂದಿಲ್ಲ, ಅದು ಏರಿದ್ರ ಮೊದಲು ನೀರು ಬರೂದು ಬಾಗಲಕೋಟ್ಯಾಗ ಉಳಿದ ಓಣಿಗೋಳಿಗೆ ಅಂತ ಅಷ್ಟ ಹೇಳ್ತೀನಿ, ಆವಾಗ ಅವ್ರೂ ಸುಮ್ನಾಗ್ತಾರ. ಅಂದ್ರ ಹೆಸರು ಬರಕೊಳ್ಳೂ ಕೆಲಸ ಹಳೇ ಮುಳುಗಡಿಗೆ ಅಷ್ಟ ಅಲ್ಲ, ಮುಂದ ಬರೂದಕ್ಕೂ ಬೇಕು.

ಅದಕ್ಕ ಮುಂಬೈದಾಗಿರೂ ನಮ್ಮೂರವ್ರಿಗೆ ನನ್ನ ಕೇಳಿಕೆ, ಸ್ಯಾಟಲೈಟ್ ಚಿತ್ರ ನೋಡಿ ಅಯ್ಯೋ ಅಂತ ಫಾರ್ವರ್ಡ್ ಮಾಡೂದ್ರ ಬದ್ಲಿ ಕಂಪ್ಯೂಟರ್‌ನ್ಯಾಗ ಹಳೇ ತಾರೀಖಿನ ಚಿತ್ರ ತಗೀರಿ, ತಾರೀಖು ನೋಡ್ರಿ, ಮಳಿಗಾಲದಾಗ ಮೋಡ ಇರೂದ್ರಿಂದ ಚೊಲೊ ಚಿತ್ರ ಕಡಿಮಿ, ದೀಪಾವಳಿ ಹೊತ್ತಿನ ಚಿತ್ರದಾಗ ನೀರು ತುಂಬಿರತೈತಿ, ಬ್ಯಾಸಗಿ ಚಿತ್ರದಾಗ ನೀರು ಸರದು ಕರಿ ರಾಡಿ, ನಸೀಬ ಇದ್ರ ಬುನಾದಿ ಗೆರಿ ಕೂಡ ಕಾಣತಾವು. ಅದನ್ನ ಪ್ರಿಂಟ್ ತಗದು ಮನ್ಯಾಗಿನ ಹಿರೇರ ಮುಂದ ಇಡ್ರಿ.

ನಾನು ಇಟ್ಟೆ. ದಸರಾಕ್ಕ ಗದಗ ಗಾಡಿ ಹತ್ತಿ ಹೋಗಿ ಅವ್ವನ ಮುಂದ ದೊಡ್ಡ ಹಾಳಿ ಹಾಸಿದೆ. ಅವ್ವ ಮೊದಲು ಇದೇನಪಾ ಬರೇ ನೀರು ಅಂದ್ಲು, ಚಾಳೀಸು ಹಾಕೊಂಡ್ಲು, ಹನಮಪ್ಪನ ಗುಡಿ ಯಾವ ಕಡೆ ಬರತೈತಿ ಹೇಳು ಅಂದ್ಲು, ಅದೊಂದು ಸಿಕ್ಕಿದ್ದ ತಡ ಅಲ್ಲಿಂದ ನೀರು ತರೂ ದಾರಿ ಹಿಡಕೊಂಡು ಬೆರಳು ಹೊಂಟಿತು, ಯಾರ ಮನಿ ಕಟ್ಟಿ, ಯಾವ ಬಾವಿ ಸಿಹಿ, ಯಾವ ಸಂದ್ಯಾಗ ಗಿರಣಿ, ನಾನು ಪೆನ್ಸಿಲ್‌ಲೆ ಬರಕೋತ ಕುಂತೆ. ರಾತ್ರಿ ಊಟದ ಹೊತ್ತಿಗೆ 41 ಹೆಸರು ಆದ್ವು. ಗಿರಣಿ ಇದ್ದ ಸಂದಿಗೆ ಅವ್ವ ಒಂದು ಹೆಸರು ಹೇಳ್ತಾಳ, ವಿಜಾಪುರದಾಗಿರೂ ನಮ್ಮ ಸೋದರಮಾವ ಫೋನಿನ್ಯಾಗ ಬ್ಯಾರೇದ ಹೇಳ್ತಾನ, ಎರಡೂ ಬರದಿಟ್ಟೀನಿ, ಸಂಕ್ರಾಂತಿಗೆ ಇಬ್ರನ್ನೂ ಎದುರಾಬದರ ಕುಂದ್ರಸಬೇಕು.