ಖೀಮಾ–ಆಲೂಗಡ್ಡೆ ಹಾಟ್‌ಡಿಶ್: ಮಸಾಲೆ ಆಮೇಲೆ, ಮೊದಲು ಹುರಿಯಿರಿ

ಅಮೆರಿಕದ ಮಿನೆಸೋಟದಲ್ಲಿರುವ ಕನ್ನಡಿಗರಲ್ಲಿ, ಹಾಟ್‌ಡಿಶ್ ಎಂಬ ಅಲ್ಲಿನ ಓವನ್ ಅಡುಗೆಯ ಬಗ್ಗೆ ಎರಡು ಪಂಗಡ. ಒಂದು ಪಂಗಡದವರು "ಉಪ್ಪಿಲ್ಲ, ಖಾರವಿಲ್ಲ, ಆಸ್ಪತ್ರೆ ಊಟ" ಎಂದು ಮೂಗು ಮುರಿಯುತ್ತಾರೆ. ಇನ್ನೊಂದು ಪಂಗಡದವರು ಅದಕ್ಕೇ ಎರಡು ಚಮಚ ಗರಂ ಮಸಾಲೆ, ನಾಲ್ಕು ಹಸಿಮೆಣಸಿನಕಾಯಿ, ಎರಡು ಟೊಮೆಟೊ ಸುರಿದು "ಈಗ ಬಾಯಿಗೆ ಇಡೋ ಹಾಗಾಯ್ತು" ಎನ್ನುತ್ತಾರೆ. ನಾನು ಎರಡೂ ಕಡೆ ಸೇರಿದವನಲ್ಲ. ಈ ಅಡುಗೆ ಸಪ್ಪೆಯಾಗುವುದು ಖೀಮಾವನ್ನು ಸರಿಯಾಗಿ ಹುರಿಯದೆ ಅದರದ್ದೇ ನೀರಿನಲ್ಲಿ ಬೇಯಿಸುವುದರಿಂದ. ಅದನ್ನು ತಿದ್ದದೆ ಎಷ್ಟು ಮಸಾಲೆ ಹಾಕಿದರೂ ಸಪ್ಪೆ ಖೀಮಾದ ಮೇಲೆ ಮಸಾಲೆ ಕೂತಿರುತ್ತದೆ, ಅಷ್ಟೆ.

ಹಾಟ್‌ಡಿಶ್ ಎಂದರೆ ಅಮೆರಿಕದ ಉಳಿದ ಕಡೆ ಕ್ಯಾಸರೋಲ್ ಎಂದು ಕರೆಯುವುದೇ. ಮಾಂಸ, ತರಕಾರಿ, ಹಿಟ್ಟಿನ ಅಂಶ, ಇವನ್ನೆಲ್ಲ ಹಿಡಿದಿಡುವ ಗಟ್ಟಿ ಸಾಸ್, ಎಲ್ಲ ಒಂದೇ ಟ್ರೇಯಲ್ಲಿ ಓವನ್ ಸೇರುತ್ತವೆ. ಈ ಹೆಸರಿನಲ್ಲಿ ಅಚ್ಚಾದ, ಸಿಕ್ಕಿರುವ ಅತಿ ಹಳೆಯ ವಿಧಾನ 1930ರದು, ಮ್ಯಾಂಕೇಟೊ ಊರಿನ ಗ್ರೇಸ್ ಲುಥೆರನ್ ಚರ್ಚಿನ ಮಹಿಳೆಯರ ಅಡುಗೆ ಪುಸ್ತಕದಲ್ಲಿದೆ. ಅದರಲ್ಲಿ ಆಲೂಗಡ್ಡೆ ಇರಲಿಲ್ಲ, ಮ್ಯಾಕರೋನಿ ಇತ್ತು. ಕ್ಯಾಂಪ್‌ಬೆಲ್ ಕಂಪನಿಯ ಡಬ್ಬಿ ಮಶ್ರೂಮ್ ಸೂಪ್ ಬಂದದ್ದು 1934ರಲ್ಲಿ. ಸಾಸ್ ಕೆಲಸವನ್ನು ಅಂದಿನಿಂದ ಡಬ್ಬಿಯೇ ವಹಿಸಿಕೊಂಡಿತು. ಈಗ ಎಲ್ಲರೂ ಮೇಲೆ ಜೋಡಿಸುವ ಟೇಟರ್ ಟಾಟ್ಸ್ (ಚೂರು ಆಲೂಗಡ್ಡೆ ಒತ್ತಿ ಕರಿದ ಸಣ್ಣ ತುಂಡುಗಳು) ಹುಟ್ಟಿದ್ದು 1953ರಲ್ಲಿ. ಫ್ರೆಂಚ್ ಫ್ರೈಸ್ ಕತ್ತರಿಸಿದ ಮೇಲೆ ಉಳಿಯುತ್ತಿದ್ದ ಚೂರುಪಾರು ಆಲೂಗಡ್ಡೆಯನ್ನು ಏನು ಮಾಡುವುದು ಎಂದು ಓರ್-ಐಡಾ ಕಂಪನಿಯವರು ಕಂಡುಕೊಂಡ ದಾರಿ ಅದು. ಚೂರಿನಿಂದ ಹುಟ್ಟಿದ ಪದಾರ್ಥ ಇವತ್ತು ಇಡೀ ಆಲೂಗಡ್ಡೆಗಿಂತ ದುಬಾರಿ. ಹಾಗಾಗಿ ಕೈ ಬಿಗಿ ಹಿಡಿದು ಮಾಡುವ ಅಡುಗೆಯಲ್ಲಿ ನಾನು ಟಾಟ್ಸ್ ಬಿಟ್ಟು 5 ಪೌಂಡಿನ ಆಲೂಗಡ್ಡೆ ಚೀಲಕ್ಕೇ ಕೈ ಹಾಕುತ್ತೇನೆ.

9×13 ಇಂಚಿನ ಟ್ರೇಗೆ, ಆರೇಳು ಜನರಿಗೆ ಅಳತೆ ಹೀಗೆ: ದನದ ಖೀಮಾ 1 ಪೌಂಡ್ (454 ಗ್ರಾಂ), ಆಲೂಗಡ್ಡೆ 2 ಪೌಂಡ್ (ಸುಮಾರು 900 ಗ್ರಾಂ), ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಮೂರು ಎಸಳು, ಕ್ಯಾರೆಟ್ ಒಂದು, ಫ್ರೋಜನ್ ಬಟಾಣಿ ಒಂದು ಕಪ್, ಮೈದಾ ಕಾಲು ಕಪ್ (30 ಗ್ರಾಂ), ಹಾಲು 2 ಕಪ್ (480 ಮಿ.ಲೀ.), ಚೆಡ್ಡರ್ ಚೀಸ್ 115 ಗ್ರಾಂ, ಉಪ್ಪು, ಕಾಳುಮೆಣಸು, ಇದ್ದರೆ ಒಂದು ಚಿಟಿಕೆ ಜಾಯಿಕಾಯಿ. ಬೆಣ್ಣೆ ಪಟ್ಟಿಯಲ್ಲಿ ಇಲ್ಲ, ಬೇಕಾಗಿಲ್ಲ. ಏಕೆಂದು ಮುಂದೆ ಬರುತ್ತದೆ.

ಖೀಮಾ ಪೊಟ್ಟಣದ ಮೇಲೆ 73/27, 80/20, 93/7 ಎಂದಿರುತ್ತದೆ. ಮೊದಲನೆಯದು ಬರೀ ಮಾಂಸದ ಪಾಲು, ಎರಡನೆಯದು ಕೊಬ್ಬಿನದು. 73/27 ಅಗ್ಗ ಎಂದು ತಂದರೆ ಒಂದು ಪೌಂಡಿನಲ್ಲಿ 120 ಗ್ರಾಂಗಿಂತ ಹೆಚ್ಚು ಕೊಬ್ಬೇ ಇರುತ್ತದೆ. ಅಂಗಡಿಯಲ್ಲಿ ನಿಂತಾಗ ಒಂದು ಲೆಕ್ಕ ಹಾಕಿ: ಬೆಲೆಯನ್ನು ಮಾಂಸದ ಪಾಲಿನಿಂದ ಭಾಗಿಸಿ. ಪೌಂಡಿಗೆ 73/27 ಐದು ಡಾಲರ್, 93/7 ಏಳು ಡಾಲರ್ ಎಂದಿಟ್ಟುಕೊಳ್ಳೋಣ. ಬರೀ ಮಾಂಸಕ್ಕೆ ಬಿದ್ದ ಬೆಲೆ ಒಂದರಲ್ಲಿ 6.85, ಇನ್ನೊಂದರಲ್ಲಿ 7.53. ಎರಡು ಡಾಲರ್ ಅಂತರ ಎಪ್ಪತ್ತು ಸೆಂಟ್‌ಗೂ ಕಡಿಮೆಗೆ ಇಳಿಯಿತು. ಈ ಅಡುಗೆಗೆ ನನ್ನ ಆಯ್ಕೆ 80/20. ಅದು ಬಿಡುವ ಕೊಬ್ಬಿನಲ್ಲೇ ಈರುಳ್ಳಿ ಬಾಡುತ್ತದೆ, ಅದರಲ್ಲೇ ಮೈದಾ ಹುರಿದು ಸಾಸ್ ಮಾಡಬಹುದು. ಬೆಣ್ಣೆಯ ಖರ್ಚು ಉಳಿಯುವುದು ಇಲ್ಲೇ. 93/7 ತಂದವರು ಬಾಣಲೆಗೆ ಬೇರೆ ಎಣ್ಣೆ ಹಾಕಬೇಕು, ಸಾಸ್‌ಗೆ ಬೇರೆ ಬೆಣ್ಣೆ ತರಬೇಕು.

ನಮ್ಮ ಕೈ ತಪ್ಪುವುದು ಎಲ್ಲಿ ಎಂದರೆ, ಖೀಮಾ ತೊಳೆಯುವುದರಲ್ಲಿ. ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿಯುತ್ತೇವೆ. ರುಬ್ಬಿದ ಮಾಂಸ ಆ ನೀರನ್ನೆಲ್ಲ ಹಿಡಿದಿಟ್ಟುಕೊಂಡು ಬಾಣಲೆಯಲ್ಲಿ ಬಿಡುತ್ತದೆ, ಆ ನೀರು ಆರುವವರೆಗೆ ಕಂದು ಬಣ್ಣ ಬರುವ ಮಾತೇ ಇಲ್ಲ. ಬ್ಯಾಕ್ಟೀರಿಯಾ ತೊಳೆದುಹೋಗುವುದೂ ಇಲ್ಲ, ಸಿಂಕ್ ಸುತ್ತ ಹಾರುತ್ತದೆ. ಅದನ್ನು ಕೊಲ್ಲುವುದು ಬೆಂಕಿ. ದನದ ಖೀಮಾ ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್ (71 ಸೆಲ್ಸಿಯಸ್) ಮುಟ್ಟಬೇಕು. ಎರಡನೆಯದು, ಮೊದಲು ಈರುಳ್ಳಿ ಬಾಡಿಸಿ ಆಮೇಲೆ ಖೀಮಾ ಹಾಕುವ ಕ್ರಮ. ಊರಿನ ಖೀಮಾ ಸಾರಿಗೆ ಅದು ಸರಿ, ಅರ್ಧ ಗಂಟೆ ಒಲೆಯ ಮೇಲೆ ಎಣ್ಣೆ ಬಿಡುವವರೆಗೆ ಹುರಿಯುತ್ತೇವೆ. ಇಲ್ಲಿ ಅಷ್ಟು ಹೊತ್ತು ಹುರಿಯುವುದಿಲ್ಲ, ಆದ್ದರಿಂದ ಈರುಳ್ಳಿಯ ನೀರಿನಲ್ಲಿ ಖೀಮಾ ಬೂದು ಬಣ್ಣಕ್ಕೆ ಬೆಂದು ನಿಲ್ಲುತ್ತದೆ.

ಇಲ್ಲಿಯವರ ತಪ್ಪು ಬೇರೆ. ಬಾಣಲೆ ಬಿಸಿಯಾಗುವ ಮೊದಲೇ ಖೀಮಾ ಹಾಕಿ, ಹಾಕಿದ ಕ್ಷಣದಿಂದ ಕೆದಕುತ್ತಲೇ ಇರುತ್ತಾರೆ. ಕೆಂಪು ಹೋದರೆ ಆಯಿತು ಎಂದು ಡಬ್ಬಿ ಒಡೆಯುತ್ತಾರೆ.

ಹನ್ನೆರಡು ಇಂಚಿನ ಕಬ್ಬಿಣದ ಅಥವಾ ಸ್ಟೀಲ್ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಚೆನ್ನಾಗಿ ಕಾಯಿಸಿ. ಖೀಮಾವನ್ನು ದಪ್ಪ ಅಕ್ಕಿ ರೊಟ್ಟಿಯ ಹಾಗೆ ಒಂದೇ ಹಾಳೆಯಾಗಿ ಒತ್ತಿ, ನಾಲ್ಕು ನಿಮಿಷ ಮುಟ್ಟಬೇಡಿ. ಚರಚರ ಸದ್ದು ಬರುತ್ತಲೇ ಇರಬೇಕು. ಅದು ಕೊತಕೊತ ಎಂದು ಬದಲಾದರೆ ನೀರು ಬಿಟ್ಟಿದೆ ಎಂದರ್ಥ, ಉರಿ ಏರಿಸಿ. ತಳ ಗಾಢ ಕಂದು ಆದ ಮೇಲೆ ಸೌಟಿನಿಂದ ನಾಲ್ಕು ತುಂಡು ಮಾಡಿ ತಿರುವಿ ಹಾಕಿ, ಇನ್ನೆರಡು ನಿಮಿಷ ಬಿಟ್ಟು ಪುಡಿ ಮಾಡಿ, ಒಂದು ಟೀ ಚಮಚ ಉಪ್ಪು ಹಾಕಿ. ಉಪ್ಪು ಮೊದಲೇ ಬೇಡ, ನೀರು ಎಳೆಯುತ್ತದೆ. ಖೀಮಾವನ್ನು ಬಟ್ಟಲಿಗೆ ತೆಗೆದು, ಕೊಬ್ಬಿನಲ್ಲಿ ಮೂರು ದೊಡ್ಡ ಚಮಚ ಬಾಣಲೆಯಲ್ಲೇ ಉಳಿಸಿ. ಹೆಚ್ಚಾದದ್ದನ್ನು ಖಾಲಿ ಡಬ್ಬಿಗೆ ಬಗ್ಗಿಸಿ. ಸಿಂಕಿಗೆ ಸುರಿದರೆ ಚಳಿಗೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ, ಪ್ಲಂಬರ್ ಬಂದರೆ ಉಳಿಸಿದ ದುಡ್ಡೆಲ್ಲ ಅವನಿಗೇ.

ಉಳಿದ ಕೊಬ್ಬಿನಲ್ಲಿ ಈರುಳ್ಳಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಕೊನೆಗೆ ಬೆಳ್ಳುಳ್ಳಿ ಬಾಡಿಸಿ. ಮೈದಾ ಉದುರಿಸಿ ಸಣ್ಣ ಉರಿಯಲ್ಲಿ ಎರಡು ನಿಮಿಷ, ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಹಾಲನ್ನು ಮೊದಲು ಅರ್ಧ ಕಪ್ ಮಾತ್ರ ಹಾಕಿ ಪೇಸ್ಟಿನಂತೆ ಕಲೆಸಿ, ಆಮೇಲೆ ಉಳಿದದ್ದನ್ನು ಸುರಿಯಿರಿ. ಒಟ್ಟಿಗೆ ಸುರಿದರೆ ಗಂಟು ಖಂಡಿತ. ತಳಕ್ಕೆ ಹಿಡಿದ ಕಂದು ಪದರವನ್ನು ಕೆರೆದು ಸಾಸಿಗೇ ಸೇರಿಸಿ, ರುಚಿಯ ಮುಕ್ಕಾಲು ಪಾಲು ಅಲ್ಲಿದೆ. ಕುದಿ ಬಂದು ಸೌಟಿನ ಬೆನ್ನಿಗೆ ಅಂಟುವ ಹದಕ್ಕೆ ಬಂದಾಗ ಮುಕ್ಕಾಲು ಟೀ ಚಮಚ ಉಪ್ಪು, ಧಾರಾಳ ಕಾಳುಮೆಣಸು, ಇದ್ದರೆ ಜಾಯಿಕಾಯಿ. ಎರಡು ಡಬ್ಬಿ ಸೂಪ್ ಮಾಡುವ ಕೆಲಸವನ್ನು ಇದು ಮಾಡುತ್ತದೆ, ಉಪ್ಪು ಎಷ್ಟು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಡಬ್ಬಿಯೇ ಬಳಸುವವರು ಖೀಮಾಗೆ ಉಪ್ಪು ಅರ್ಧಕ್ಕಿಳಿಸಲೇಬೇಕು.

ಊರಿನಲ್ಲಿ ಆಲೂಗಡ್ಡೆ ಎಂದರೆ ಆಲೂಗಡ್ಡೆ, ಯಾವ ಜಾತಿ ಎಂದು ಕೇಳುವವರು ಕಡಿಮೆ. ಇಲ್ಲಿ ಕೇಳಬೇಕು. ರಸೆಟ್ ಹಿಟ್ಟು ಹೆಚ್ಚಿರುವ ಬಗೆ, ಅಗ್ಗ, ಸಾಸ್ ಹೀರಿ ಮೆತ್ತಗಾಗುತ್ತದೆ, ಸ್ವಲ್ಪ ಹೆಚ್ಚು ಬೆಂದರೆ ಒಡೆಯುತ್ತದೆ. ಕೆಂಪು ಸಿಪ್ಪೆಯದು ಆಕಾರ ಬಿಡುವುದಿಲ್ಲ, ಸಾಸನ್ನೂ ಹತ್ತಿರ ಸೇರಿಸುವುದಿಲ್ಲ. ಯುಕಾನ್ ಗೋಲ್ಡ್ ನಡುವಿನದು, ಬೆಲೆ ಕೊಂಚ ಮೇಲೆ. ರಸೆಟ್ ಸಾಕು. 4 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿ, ತಣ್ಣೀರಿನಲ್ಲಿ ಹಾಕಿ, ಲೀಟರಿಗೆ ಒಂದು ಟೀ ಚಮಚ ವಿನಿಗರ್, ಅರ್ಧ ದೊಡ್ಡ ಚಮಚ ಉಪ್ಪು ಸೇರಿಸಿ ಒಲೆಗಿಡಿ. ಕುದಿ ಬಂದ ಮೇಲೆ ನಾಲ್ಕು ನಿಮಿಷ. ಚಾಕು ಇಳಿಯಬೇಕು, ಬಿಲ್ಲೆ ಮುರಿಯಬಾರದು. ಕುಕ್ಕರ್ ಮುಟ್ಟಬೇಡಿ, ಒಂದೇ ವಿಸಿಲ್‌ಗೆ ಪಲ್ಯದ ಆಲೂಗಡ್ಡೆಯಾಗುತ್ತದೆ. ಬಸಿದು ಬಟ್ಟೆಯ ಮೇಲೆ ಹರಡಿ ಹಬೆ ಆರಲು ಬಿಡಿ.

ವಿನಿಗರ್ ಏಕೆಂದರೆ ಹುಳಿಯಲ್ಲಿ ಆಲೂಗಡ್ಡೆ ಬೇಗ ಕರಗುವುದಿಲ್ಲ, ಬಿಲ್ಲೆ ಬಿಲ್ಲೆಯಾಗೇ ಉಳಿಯುತ್ತದೆ. ಟೊಮೆಟೊ ಬೇಡ ಎನ್ನುವುದಕ್ಕೂ ಇದೇ ಕಾರಣ. ಹಸಿ ಬಿಲ್ಲೆಯ ಮೇಲೆ ಟೊಮೆಟೊ ಖೀಮಾ ಹರಡಿ ಒಂದು ಗಂಟೆ ಓವನ್‌ನಲ್ಲಿಟ್ಟರೂ ಆಲೂಗಡ್ಡೆ ಕರಕರ ಎನ್ನುತ್ತದೆ, ಮೇಲಿಂದ ಹಾಲಿನ ಸಾಸ್ ಬೇರೆ ಒಡೆಯುತ್ತದೆ. ಟೊಮೆಟೊ ಇಲ್ಲದೆ ಆಗದು ಎನ್ನುವವರು ಹಾಲು ಬಿಟ್ಟು ಬರೀ ಸ್ಟಾಕ್‌ನಲ್ಲಿ (ಮಾಂಸ ಅಥವಾ ತರಕಾರಿ ಬೇಯಿಸಿ ಸೋಸಿದ ನೀರಿನಲ್ಲಿ) ಸಾಸ್ ಮಾಡಲಿ, ಆಲೂಗಡ್ಡೆ ಪೂರ್ತಿ ಬೇಯಿಸಿಕೊಳ್ಳಲಿ.

ಟ್ರೇಗೆ ಮೊದಲು ಎರಡು ಸೌಟು ಸಾಸ್, ಅರ್ಧ ಆಲೂಗಡ್ಡೆ, ಖೀಮಾ ಪೂರ್ತಿ, ಬಟಾಣಿ, ಮತ್ತೆ ಸಾಸ್, ಉಳಿದ ಆಲೂಗಡ್ಡೆ, ಕೊನೆಯ ಸಾಸ್. ಬಟಾಣಿಯ ಮಂಜು ಪೂರ್ತಿ ಬಿಟ್ಟು ನೀರು ಬಸಿದಿರಬೇಕು, ತಳದಲ್ಲಿ ನೀರು ನಿಂತಿತು ಎನ್ನುವವರ ಟ್ರೇಯಲ್ಲಿ ಹೆಚ್ಚಾಗಿ ಅಪರಾಧಿ ಅದೇ. ಫಾಯಿಲ್ ಮುಚ್ಚಿ 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (190 ಸೆಲ್ಸಿಯಸ್) 25 ನಿಮಿಷ. ಫಾಯಿಲ್ ತೆಗೆದು ಚೀಸ್ ಹರಡಿ ಇನ್ನು 15 ನಿಮಿಷ. ಚೀಸ್ ಗಟ್ಟಿ ತುಂಡು ತಂದು ತುರಿಯುವುದೇ ಮೇಲು. ತುರಿದೇ ಬರುವ ಪ್ಯಾಕೆಟ್‌ನಲ್ಲಿ ಎಳೆಗಳು ಅಂಟಿಕೊಳ್ಳದಿರಲೆಂದು ಸ್ಟಾರ್ಚ್ ಅಥವಾ ಸೆಲ್ಯುಲೋಸ್ ಪುಡಿ ಹಾಕಿರುತ್ತಾರೆ, ನುಣ್ಣಗೆ ಕರಗುವುದಿಲ್ಲ. ಹೊರಗೆ ತೆಗೆದ ಮೇಲೆ 15 ನಿಮಿಷ ಮುಟ್ಟಬೇಡಿ. ಸಾಸ್ ಗಟ್ಟಿಯಾಗುವುದು ಆರುವಾಗಲೇ.

ದುಡ್ಡು ಇನ್ನೂ ಉಳಿಯಬೇಕೇ? ಇಲ್ಲಿಯವರು ಬ್ರೆಡ್ ಪುಡಿ, ಓಟ್ಸ್ ಸೇರಿಸಿ ಖೀಮಾ ಹಿಗ್ಗಿಸುತ್ತಾರೆ, ಅಂಟಂಟಾಗುತ್ತದೆ. ನಮ್ಮ ಇಡೀ ಮಸೂರ್ ಕಾಳು ಇದಕ್ಕಿಂತ ಎಷ್ಟೋ ಮೇಲು. ಅರ್ಧ ಕಪ್ ಕಾಳನ್ನು ತೆರೆದ ಪಾತ್ರೆಯಲ್ಲಿ 20–25 ನಿಮಿಷ ಬೇಯಿಸಿ ಬಸಿದು, ಅರ್ಧ ಪೌಂಡ್ ಖೀಮಾದ ಬದಲು ಹಾಕಿ. ಖೀಮಾ ಹುರಿದಾದ ಮೇಲೆ ಅದೇ ಬಾಣಲೆಯಲ್ಲಿ ಎರಡು ನಿಮಿಷ ಹೊರಳಿಸಬೇಕು. ಖೀಮಾ ಅರ್ಧವಾದಾಗ ಕೊಬ್ಬೂ ಅರ್ಧ, ಸಾಸಿಗೆ ಒಂದು ಚಮಚ ಎಣ್ಣೆ ಸೇರಿಸಿಕೊಳ್ಳಿ.

ಮಸಾಲೆ ಹಾಕಲೇಬೇಕು ಎನ್ನುವವರಿಗೆ ದಾರಿ ತೋರಿಸಬಲ್ಲವರು ಮಂಗಳೂರಿನ ಕ್ಯಾಥೊಲಿಕ್ ಮನೆಗಳವರು. ಅವರ ಪೊಟೇಟೊ ಚಾಪ್ಸ್‌ನಲ್ಲಿ ಇರುವುದೂ ಇದೇ ಜೋಡಿ: ಬೇಯಿಸಿ ಹಿಸುಕಿದ ಆಲೂಗಡ್ಡೆಯೊಳಗೆ ಖೀಮಾ ತುಂಬಿ, ಮೊಟ್ಟೆಯಲ್ಲಿ ಅದ್ದಿ, ರವೆಯಲ್ಲಿ ಹೊರಳಿಸಿ ಕರಿಯುತ್ತಾರೆ. ಒಳಗಿನ ಖೀಮಾದಲ್ಲಿ ತೇವ ಇದ್ದರೆ ಚಾಪ್ಸ್ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಅವರು ಉದುರುದುರಾಗುವವರೆಗೆ ಹುರಿಯುತ್ತಾರೆ. ಹಾಟ್‌ಡಿಶ್‌ನ ಖೀಮಾಗೂ ಬೇಕಾದದ್ದು ಆ ಹದವೇ. ಒಂದು ಪೌಂಡಿಗೆ ಒಂದು ಟೀ ಚಮಚ ಬಫಾತ್ ಪುಡಿಯನ್ನು (ಅವರ ಮನೆಗಳ ಮಸಾಲೆ ಪುಡಿ) ಈರುಳ್ಳಿಯ ಜೊತೆ ಕೊಬ್ಬಿನಲ್ಲಿ ಹುರಿದರೆ ಹಾಲಿನ ಸಾಸಿನ ಜೊತೆ ಜಗಳವಾಡುವುದಿಲ್ಲ. ಗರಂ ಮಸಾಲೆ ಜಗಳವಾಡುತ್ತದೆ. ಲವಂಗ, ಚಕ್ಕೆ ಮುಂದೆ ಬಂದು ಸಾಸ್ ಪಾಯಸದ ಕಡೆಗೆ ವಾಲುತ್ತದೆ.

ದನದ ಮಾಂಸ ತಿನ್ನದವರಿಗೆ ಟರ್ಕಿ ಅಥವಾ ಕೋಳಿ ಖೀಮಾ ಆಗುತ್ತದೆ. ಕೊಬ್ಬು ಕಡಿಮೆ, ಎರಡು ಮೂರು ಚಮಚ ಎಣ್ಣೆ ಬೇಕು, ಒಳಗಿನ ಬಿಸಿ 165 ಫ್ಯಾರನ್‌ಹೀಟ್ (74 ಸೆಲ್ಸಿಯಸ್) ಆಗಬೇಕು. ಸಂಘದ ಪಾಟ್‌ಲಕ್‌ಗೆ (ಎಲ್ಲರೂ ಒಂದೊಂದು ಅಡುಗೆ ತರುವ ಊಟಕ್ಕೆ) ಒಯ್ಯುವುದಾದರೆ ಟ್ರೇ ಮುಂದೆ ಯಾವ ಮಾಂಸ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿ ಇಡಿ. ಮೇಲೆ ಚೀಸ್ ಮುಚ್ಚಿದ ಟ್ರೇ ನೋಡಿ ಒಳಗೇನಿದೆ ಎಂದು ಯಾರಿಗೂ ತಿಳಿಯದು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ನಾಲ್ಕು ದಿನ ಬರುತ್ತದೆ. ಫ್ರೀಜರ್‌ಗೆ ಇಡುವ ಯೋಚನೆ ಇದ್ದರೆ ಬಿಲ್ಲೆ ಬೇಡ, ಕರಗಿದ ಮೇಲೆ ನೀರು ಬಿಟ್ಟು ಮರಳು ಮರಳಾಗುತ್ತದೆ. ಆಗ ಇಂಗ್ಲಿಷರ ಕಾಟೇಜ್ ಪೈ ಥರ ಬೆಣ್ಣೆ, ಹಾಲು ಹಾಕಿ ಹಿಸುಕಿದ ಆಲೂಗಡ್ಡೆಯನ್ನು ಖೀಮಾದ ಮೇಲೆ ಹರಡಿ. ಗಾಜಿನ ಟ್ರೇಯನ್ನು ಮಾತ್ರ ಫ್ರಿಜ್‌ನಿಂದ ನೇರ ಕಾದ ಓವನ್‌ಗೆ ತಳ್ಳಬೇಡಿ, ಸೀಳು ಬಿಟ್ಟು ಒಡೆದರೆ ಊಟವೂ ಹೋಯಿತು, ಟ್ರೇಯೂ ಹೋಯಿತು. ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಿ.