ಪೌತಿಯಾಗದ ಪ್ಲೇಯರ್

ಆ ಬೂದು ಚೌಕವನ್ನು ನೀವೂ ನೋಡಿರುತ್ತೀರಿ. ಹನಿ ನೀರಾವರಿಯ ಸಹಾಯಧನಕ್ಕೆ ಅರ್ಜಿ ಹಾಕುವ ಮೊದಲು ಹನ್ನೆರಡು ನಿಮಿಷದ ತರಬೇತಿ ವಿಡಿಯೊ ನೋಡಿ ಮುಗಿಸಬೇಕು. ವಿಡಿಯೊ ಇರಬೇಕಾದಲ್ಲಿ ‘ಫ್ಲ್ಯಾಶ್ ಪ್ಲೇಯರ್ ಅಳವಡಿಸಿಕೊಳ್ಳಿ’ ಎಂಬ ಆಜ್ಞೆ. ಕಚೇರಿಯ ಹೆಸರು ಬೇಡ, ಪಾಪ, ಬಾಳಿ ಬದುಕಲಿ.

ಬ್ರೌಸರಿನಲ್ಲಿ ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ ತೀರಿಕೊಂಡದ್ದು 2020ರ ಡಿಸೆಂಬರ್ 31ರಂದು. ಹಠಾತ್ ಸಾವೇನಲ್ಲ, ಅಡೋಬಿ ಕಂಪನಿ 2017ರ ಜುಲೈನಲ್ಲೇ ಸಾರಿ ಹೇಳಿತ್ತು. 2021ರ ಜನವರಿ 12ರಿಂದ, ಯಾರ ಕಂಪ್ಯೂಟರಿನಲ್ಲಾದರೂ ಉಸಿರು ಹಿಡಿದುಕೊಂಡಿದ್ದರೆ ಅದನ್ನೂ ನಿಲ್ಲಿಸಿತು. ಆದರೆ ತಾತ ಸತ್ತು ಮೂವತ್ತು ವರ್ಷವಾದರೂ ಪಹಣಿಯಲ್ಲಿ ತಾತನೇ ಉಳುಮೆ ಮಾಡುವ ಸೀಮೆ ನಮ್ಮದು. ಫ್ಲ್ಯಾಶಿನ ಪೌತಿ ಖಾತೆ ಮಾತ್ರ ಬೇಗ ಆಗಬೇಕೆಂದರೆ ಹೇಗೆ? ವಾರಸುದಾರ ಇಲ್ಲವೆಂದೇನೂ ಅಲ್ಲ. ಬೇರೆ ಪ್ಲೇಯರ್ ಇಲ್ಲದೆ ಬ್ರೌಸರೇ ವಿಡಿಯೊ ಓಡಿಸುವ ಎಚ್‌ಟಿಎಂಎಲ್5 ಇದೆ; ಯೂಟ್ಯೂಬ್ 2015ರಲ್ಲೇ ಬೀಗದ ಕೈಯನ್ನು ಅದರ ಕೈಗಿಟ್ಟು ಹಾಯಾಗಿದೆ.

ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯಂತೂ ಫ್ಲ್ಯಾಶ್ ಸತ್ತ ಮೇಲೆ ತನ್ನ ಹಳೆಯ ಅರ್ಜಿಗಳನ್ನು ತೆರೆಯಲೆಂದೇ ಸ್ವಂತ ಬ್ರೌಸರ್ ಮಾಡಿ ಹಂಚಿತು. ದೆವ್ವಕ್ಕೊಂದು ಗುಡಿ! ಈ ಸುದ್ದಿ ನಮ್ಮವರ ಕಿವಿಗೆ ಬೀಳದಿರಲಿ, ನಾಳೆಯೇ ಟೆಂಡರ್ ಕರೆದಾರು.

ಟೊಮೆಟೊ ಬೆಳೆಯುವ ನಮ್ಮ ಮಾವನನ್ನು ಕರೆದುಕೊಂಡು ಕೋಲಾರದ ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರಿಗೆ ಹೋಗಿದ್ದೆ. ಸಹಾಯವಾಣಿಯಾಕೆ ಬಲು ವಿನಯದಿಂದ, “ಬ್ರೌಸರ್ ಬದಲಿಸಿ ನೋಡಿ ಸರ್, ಆಮೇಲೆ ಅದು ಕೂಡಿಟ್ಟುಕೊಂಡಿರುವ ಕ್ಯಾಶ್ ಅಳಿಸಿ” ಎಂದರು. “ಇದ್ದ ಕ್ಯಾಶನ್ನೆಲ್ಲ ಹೋದ ಬೆಳೆಯೇ ಅಳಿಸಿತಲ್ಲಮ್ಮ” ಎಂದರು ಮಾವ. ಆ ಕಡೆ ಸದ್ದಿಲ್ಲ.

ಇದೇ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ನೂರೈವತ್ತು ಕಿಲೋಮೀಟರಿನಷ್ಟು ತಂತಿ ಎಳೆದು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರಲ್ಲಿ. ಆಗಿನ ಕಂಬಗಳ ಮೇಲೆ ‘ದಯವಿಟ್ಟು ಎಣ್ಣೆ ತುಂಬಿಸಿ’ ಎಂದು ಯಾರೂ ಬರೆದಿರಲಿಲ್ಲವೆಂದು ನನ್ನ ನಂಬಿಕೆ.

ದೂರು ಕೊಟ್ಟೆವು. ಮೆಚ್ಚಬೇಕು, ಎರಡೇ ತಿಂಗಳಿಗೆ ಹೊಸ ವಿಡಿಯೊ ಬಂತು! ಮತ್ತೆ ಹೋದೆವು. ಈ ಬಾರಿ ಧ್ವನಿ ಬಂತು, ಚಿತ್ರ ಬರಲಿಲ್ಲ. ಕಪ್ಪು ಪರದೆಯೊಳಗಿಂದ ಒಂದು ಗಂಭೀರ ಕಂಠ, “ಇಲ್ಲಿ ಕಾಣುತ್ತಿರುವಂತೆ ಫಿಲ್ಟರನ್ನು ಹೀಗೆ ತಿರುಗಿಸಿ” ಎಂದಿತು. ಮಾವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಸೈಬರಿನ ಹುಡುಗ ಬಲಗುಂಡಿ ಒತ್ತಿ ಏನನ್ನೋ ನೋಡಿ ನಕ್ಕ. “ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಿದ್ದಾರೆ ಸರ್. ವಿಡಿಯೊ ಕುಗ್ಗಿಸುವ ಹೊಸ ವಿಧಾನ, ಎಚ್.265. ನಮ್ಮ ಹಳೇ ಡಬ್ಬಕ್ಕೆ ಇದರ ಧ್ವನಿ ಮಾತ್ರ ಬಿಚ್ಚಲು ಬರುತ್ತದೆ. ಅದರ ಹಿಂದಿನ ಎಚ್.264ಕ್ಕೆ ಬದಲಿಸಿ ಎಂಪಿ4 ಮಾಡಿ ಹಾಕಿದ್ದರೆ ಯಾವ ಬ್ರೌಸರಿನಲ್ಲಾದರೂ ಓಡುತ್ತಿತ್ತು.” ಎಚ್.264 ಬಂದದ್ದು 2003ರಲ್ಲಿ. ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಒಬ್ಬ ನೌಕರ, ಹತ್ತು ನಿಮಿಷ.

ಆ ಹತ್ತು ನಿಮಿಷವನ್ನು ಉಳಿಸಿಕೊಳ್ಳಲು ಎಷ್ಟು ಜನರ ದಿನಗೂಲಿ, ಬಸ್ ಚಾರ್ಜು ಹೋಗುತ್ತಿದೆಯೋ. ಪಿಂಚಣಿಯ ಮುದುಕಿ ಪ್ರತಿ ನವೆಂಬರ್‌ನಲ್ಲಿ ಬೆರಳೊತ್ತಿ ತಾನು ಬದುಕಿದ್ದೇನೆಂದು ತೋರಿಸಬೇಕು. ಬೆರಳಿನ ಗೆರೆ ಸವೆದಿದ್ದರೆ ನಾಳೆ ಬಾ ಎನ್ನುತ್ತಾರೆ. ಸತ್ತ ತಂತ್ರಾಂಶವನ್ನು ಬದುಕಿದೆಯಾ ಎಂದು ಒಬ್ಬರೂ ಕೇಳುವುದಿಲ್ಲ. ನನಗೆ ನಗು ಬರುತ್ತಿಲ್ಲ.

ಮಾವ ಹನ್ನೆರಡು ನಿಮಿಷವೂ ರೇಡಿಯೊ ಕೇಳುವಂತೆ ಕಣ್ಣು ಮುಚ್ಚಿ ಕೇಳಿದರು. ಕೊನೆಯಲ್ಲಿ ಪ್ರಶ್ನೆ: ‘ವಿಡಿಯೊದಲ್ಲಿ ತೋರಿಸಿದ ಹನಿ ಪೈಪಿನ ಬಣ್ಣ ಯಾವುದು?’

“ಕಪ್ಪು” ಎಂದರು ಮಾವ. ಹುಡುಗ ಒತ್ತಿದ. ಹಸಿರು ಗುರುತು ಬಿತ್ತು. ಎಂಟು ವರ್ಷದಿಂದ ಅವರ ಹೊಲದಲ್ಲಿ ಬಿದ್ದಿರುವುದೂ ಅದೇ ಪೈಪು.